ಪರದೇಶದ ಹಣ್ಣಿನ ತೋಟವೂ ಸ್ಥಳೀಕ ತೋಟಗಾರನ ನೆರವೂ

ಸೀಬೆ, ಪರಂಗಿ, ಸೀತಾಫಲ, ಸಪೋಟ, ಗೇರು ಇವು ಕರ್ನಾಟಕದ ಹಿತ್ತಲುಗಳಲ್ಲಿ ಮನೆಯ ಗಿಡಗಳಂತೆ ಬೆಳೆದಿವೆಯಾದರೂ, ಇವೆಲ್ಲವೂ ಮೊದಲು ಅಮೆರಿಕಾ ಖಂಡದ ಉಷ್ಣಪ್ರದೇಶಗಳಿಂದ ಬಂದವು. ಅದೇ ಖಂಡದ ಕೋಸ್ಟರೀಕಾ ದೇಶದಲ್ಲಿ ಹೊರದೇಶದವರು ಜಮೀನನ್ನು ಕೊಂಡು, ಏಷ್ಯಾ ಖಂಡದ ಹಣ್ಣಿನ ಗಿಡಗಳನ್ನು ನೆಟ್ಟು, ತಾವು ವರ್ಷದ ಬಹುಭಾಗ ಸ್ವದೇಶದಲ್ಲಿದ್ದುಕೊಂಡು, ತೋಟವನ್ನು ಆ ಊರಿನವನೊಬ್ಬನ ವಶಕ್ಕೆ ಬಿಡುವುದುಂಟು. ಪಟ್ಟಣದಲ್ಲಿ ವಾಸಿಸುತ್ತ ಹಳ್ಳಿಯ ತೋಟವನ್ನು ಆಳಿನ ಮೇಲೆ ಬಿಟ್ಟಿರುವ ಜಮೀನುದಾರರು ಇದರಿಂದ ತಿಳಿಯತಕ್ಕ ವಿಷಯಗಳಿವೆ.

1. ಕಾಲದ ಅರಿವು.— ಈ ದೇಶದ ಪಶ್ಚಿಮ ಕರಾವಳಿಯ ಉತ್ತರಭಾಗದಲ್ಲಿ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮಳೆಯಿಲ್ಲ. ಮೇ ತಿಂಗಳಿಂದ ನವೆಂಬರಿನವರೆಗೆ ಮಳೆಗಾಲ. ಸ್ಥಳೀಕರು ಒಣ ತಿಂಗಳುಗಳನ್ನು ಬೇಸಗೆಯೆಂದೂ ಮಳೆಯ ತಿಂಗಳುಗಳನ್ನು ಚಳಿಗಾಲವೆಂದೂ ಕರೆಯುತ್ತಾರೆ. ಉತ್ತರದೇಶದ ಯಜಮಾನನಿಗಾದರೋ ಬೇಸಗೆಯೆಂದರೆ ಜೂನ್, ಜುಲೈ. ಆದಕಾರಣ ಪತ್ರದಲ್ಲಿ ಋತುವನ್ನು ಬರೆಯದೆ ತಿಂಗಳನ್ನೇ ಬರೆಯಬೇಕು. ಇಲ್ಲವಾದರೆ ಬೇಡದ ಕಾಲದಲ್ಲಿ ನೀರೂ ಬೇಕಾದ ಕಾಲದಲ್ಲಿ ಅಲಕ್ಷ್ಯವೂ ಆಗಿ, ಎಳೆಯ ಗಿಡಗಳು ಮೊದಲ ಒಣಗಾಲದಲ್ಲಿಯೇ ನಷ್ಟವಾಗುವುವು.

2. ಗಿಡಗಳ ಆಯ್ಕೆ.— ಮಳೆ ಹಿಡಿದ ಕೂಡಲೆ ನೆಟ್ಟರೆ ಒಣಗಾಲ ಬರುವುದರೊಳಗೆ ಬೇರು ಇಳಿಯುತ್ತದೆ. ರಂಬುಟಾನ್ ಗಿಡವನ್ನು ಬೀಜದಿಂದ ಎಬ್ಬಿಸಿದರೆ ಹಲವು ಗಂಡುಗಿಡಗಳಾಗಿ ಕಾಯಿ ಬಿಡುವುದಿಲ್ಲ. ಕಸಿಯ ಗಿಡಗಳನ್ನೇ ತರತಕ್ಕದ್ದು. ಮ್ಯಾಂಗೊಸ್ಟೀನ್ ಗಿಡಕ್ಕೆ ಮೊದಲ ಕೆಲವು ವರ್ಷ ನೆರಳು ಬೇಕು. ಬೀಜದ ಗಿಡ ಫಲಕ್ಕೆ ಬರಲು ಸಾಮಾನ್ಯವಾಗಿ 8ರಿಂದ 10 ವರ್ಷ ಹಿಡಿಯುತ್ತದೆ. ಈ ಎರಡರ ಬೀಜಗಳೂ ಒಣಗಿದರೆ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವುದರಿಂದ, ಒಣಗಿಸಿ ಅಂಚೆಯಲ್ಲಿ ಕಳುಹಿಸುವುದು ವ್ಯರ್ಥ.

3. ಸ್ಥಳೀಕನ ಅನುಭವ.— ಆ ಪ್ರಾಂತದಲ್ಲಿ ಎಲೆ ಕತ್ತರಿಸುವ ಇರುವೆಗಳುಂಟು. ಅವು ಎಲೆಯನ್ನು ತಿನ್ನದೆ, ನೆಲದೊಳಗಿನ ಗೂಡಿಗೆ ಹೊತ್ತು ಅದರ ಮೇಲೆ ಅಣಬೆಯ ಜಾತಿಯದೊಂದನ್ನು ಬೆಳೆಸಿ ಅದನ್ನು ಉಣ್ಣುತ್ತವೆ. ಎಳೆಯ ಗಿಡವೊಂದನ್ನು ಒಂದೇ ರಾತ್ರಿಯಲ್ಲಿ ಬೋಳಿಸಬಲ್ಲವು. ಬೆಳಗಾಗುತ್ತಲೇ ಅವುಗಳ ದಾರಿ ಹಿಡಿದು ಗೂಡನ್ನು ಪತ್ತೆಮಾಡುವ ಕೆಲಸ ಪರಸ್ಥಳದಲ್ಲಿರುವ ಯಜಮಾನನಿಂದ ಆಗತಕ್ಕದ್ದಲ್ಲ. ಬೇಲಿಗೂ ಸ್ಥಳೀಕರು ಒಣಗಿದ ಗೂಟಗಳ ಬದಲು ಗ್ಲಿರಿಸೀಡಿಯಾ ಕೊಂಬೆಗಳನ್ನು ನೆಡುತ್ತಾರೆ. ಅವು ಚಿಗುರಿ, ಬೇಲಿಯೂ ನೆರಳೂ ಹಸಿರೆಲೆ ಗೊಬ್ಬರವೂ ಆಗುತ್ತವೆ. ಕರ್ನಾಟಕದ ರೈತರು ಗೊಬ್ಬರದ ಗಿಡವೆಂದು ಕರೆಯುವುದು ಇದನ್ನೇ. ಇದರ ತವರು ಆ ಸೀಮೆಯೇ.

4. ಯಜಮಾನನು ತಿಳಿಸತಕ್ಕದ್ದು.— ತಂದ ಗಿಡದ ಗುಣದೋಷಗಳು ಊರಿನವರಿಗೆ ತಿಳಿದಿರುವುದಿಲ್ಲ. ಹೊಂಡುರಾಸ್ ದೇಶದ ಲಾನ್ಸೆಟಿಲಾ ಎಂಬಲ್ಲಿ ವಿಲ್ಸನ್ ಪೊಪೆನೊ ಎಂಬ ಸಸ್ಯಶಾಸ್ತ್ರಜ್ಞರು 1926ರ ಸುಮಾರಿಗೆ ಒಂದು ಪ್ರಯೋಗ ತೋಟವನ್ನು ಆರಂಭಿಸಿ, ದೂರದೇಶಗಳ ಹಣ್ಣಿನ ಗಿಡಗಳನ್ನು ಬೆಳೆಸಿದರು. ಅವರ ಪತ್ನಿ ಡೊರೊಥಿ ಪೊಪೆನೊ ಅವರು 1932ರ ಡಿಸೆಂಬರಿನಲ್ಲಿ ಪಕ್ವವಾಗದ ಆಕಿ ಹಣ್ಣನ್ನು ತಿಂದು ತೀರಿಕೊಂಡರು. ಪಶ್ಚಿಮ ಆಫ್ರಿಕಾ ಮೂಲದ ಈ ಹಣ್ಣು ಮರದ ಮೇಲೆಯೇ ತಾನಾಗಿ ಬಿರಿಯುವವರೆಗೆ ವಿಷ. ಬಿರಿದ ಮೇಲೂ ಬೀಜಗಳು ವಿಷವೇ. ಗಿಡಗಳನ್ನು ಬಲ್ಲ ಮನೆತನದಲ್ಲಿಯೇ ಹೀಗಾದುದನ್ನು ನೆನೆದರೆ, ಏನೂ ತಿಳಿಸದೆ ಇಂಥ ಮರವನ್ನು ತೋಟಗಾರನ ಮಕ್ಕಳು ಓಡಾಡುವ ಕಡೆ ಬಿಟ್ಟುಹೋಗುವುದು ಎಷ್ಟು ದೊಡ್ಡ ತಪ್ಪೆಂಬುದು ಸ್ಪಷ್ಟ. ಪ್ರತಿ ಗಿಡಕ್ಕೂ ಸ್ಥಳದ ಭಾಷೆಯಲ್ಲಿ ಹೆಸರಿನ ಫಲಕವನ್ನು ಕಟ್ಟಿ, ಅಪಾಯವಿದ್ದರೆ ಬಾಯಲ್ಲಿಯೂ ಹೇಳಬೇಕು.

5. ಸಂಬಳ ಮತ್ತು ಕರಾರು.— ಕೋಸ್ಟರೀಕಾದಲ್ಲಿ 1943ರಲ್ಲಿ ಕಾರ್ಮಿಕ ಸಂಹಿತೆಯಾಯಿತು. ಅಲ್ಲಿ ಕೆಲಸಗಾರನಿಗೆ ಡಿಸೆಂಬರಿನಲ್ಲಿ ಹದಿಮೂರನೆಯ ತಿಂಗಳ ಸಂಬಳವೂ ಸಲ್ಲಬೇಕು. ಸಾಮಾಜಿಕ ವಿಮೆಗೆ ಯಜಮಾನನು ತನ್ನ ಪಾಲನ್ನು ಕಟ್ಟಬೇಕು. ಇವುಗಳನ್ನು ತಪ್ಪಿಸಿ ಉಳಿಸಿದ ಹಣ ಮುಂದೆ ವ್ಯಾಜ್ಯದಲ್ಲಿ ಕಳೆಯುವುದು. ಕೆಲಸ, ಸಂಬಳ, ಫಲದಲ್ಲಿ ಪಾಲು ಇವನ್ನು ಮೊದಲೇ ಬರೆದಿಡುವುದು ಇಬ್ಬರಿಗೂ ಕ್ಷೇಮ.

ದೂರದಲ್ಲಿರುವ ಯಜಮಾನನಿಗೆ ತೋಟದಲ್ಲಿ ಕಣ್ಣೂ ಕೈಯೂ ಆಗಿರುವವನು ತೋಟಗಾರನೇ. ಅವನ ಮಾತನ್ನು ಕೇಳಿ, ತನಗೆ ತಿಳಿದುದನ್ನು ಅವನಿಗೆ ಹೇಳಿ, ಸಲ್ಲಬೇಕಾದುದನ್ನು ಸಕಾಲದಲ್ಲಿ ಸಲ್ಲಿಸುವ ಯಜಮಾನನ ತೋಟವು ನೆಲೆ ನಿಲ್ಲುವುದು.