ಬುಟ್ಟಿಯಲ್ಲಿರುವ ಹೂ ಯಾರ ಗಿಡದ್ದು?

ಮಗು, ನೀನು ದಿನಾ ಬೆಳಿಗ್ಗೆ ಬೇಗ ಎದ್ದು, ಸ್ನಾನ ಮುಗಿಸಿ, ಅರ್ಧ ಗಂಟೆ ದೇವರ ಮುಂದೆ ಕೂರುತ್ತೀಯೆಂದು ಕೇಳಿ ಮನಸ್ಸು ತುಂಬಿ ಬಂತು. ಎಷ್ಟು ಜಪ ಮಾಡಬೇಕು, ಯಾವ ಸ್ತೋತ್ರ ಹೇಳಬೇಕು ಎಂದು ಕೇಳಿದ್ದೀಯ. ಅದನ್ನು ನಿನ್ನ ಗುರುಗಳು ಹೇಳಲಿ. ನನಗೆ ಹೇಳಬೇಕೆನಿಸಿದ್ದು ಪೂಜೆಗೆ ಕೂರುವ ಮೊದಲಿನ ಹತ್ತು ನಿಮಿಷ ಮತ್ತು ಎದ್ದ ಮೇಲಿನ ಹತ್ತು ನಿಮಿಷದ ಮಾತು.

ಹಲವು ವರ್ಷ ನಾನು ಬೆಳಗಿನ ವಾಕಿಂಗಿಗೆ ಹೋಗುವಾಗ ಜೇಬಿನಲ್ಲೊಂದು ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳುತ್ತಿದ್ದೆ. ಮೂರನೇ ಅಡ್ಡರಸ್ತೆಯ ಮನೆಯೊಂದರ ನಂದಿಬಟ್ಟಲು ಗಿಡ ಕಾಂಪೌಂಡಿನ ಆಚೆಗೆ ಬಾಗಿತ್ತು. ರಸ್ತೆಗೆ ಬಂದ ಕೊಂಬೆ, ಅದೂ ದೇವರಿಗೆ ತಾನೇ ಎಂದುಕೊಂಡು ಕೈಗೆ ಎಟುಕಿದ್ದನ್ನೆಲ್ಲ ಕೀಳುತ್ತಿದ್ದೆ. ಒಂದು ದಿನ ಹೂ ಕಿತ್ತುಕೊಂಡು ಹೊರಟ ನಾನಿನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಆ ಮನೆಯ ಅಜ್ಜಿ ಹೂಬುಟ್ಟಿ ಹಿಡಿದು ಹೊರಗೆ ಬಂದರು. ಬೋಳಾಗಿದ್ದ ಗಿಡವನ್ನು ನೋಡಿದರು. ಯಾರನ್ನೂ ಬೈಯಲಿಲ್ಲ. ನೆಲಕ್ಕೆ ಬಿದ್ದಿದ್ದ ಒಂದು ಹೂವನ್ನು ಬಗ್ಗಿ ಎತ್ತಿ, ಸೆರಗಿನಲ್ಲಿ ಮಣ್ಣು ಒರೆಸಿ, ಬುಟ್ಟಿಗೆ ಹಾಕಿಕೊಂಡು ಒಳಗೆ ಹೋದರು.

ಅವತ್ತು ನನ್ನ ದೇವರ ಮಂಟಪ ಹೂವಿನಿಂದ ತುಂಬಿತ್ತು. ಆದರೆ ಕಣ್ಣು ಮುಚ್ಚಿದರೆ ಮಣ್ಣು ಒರೆಸುವ ಆ ಕೈಯೇ ಕಾಣುತ್ತಿತ್ತು. ಮಾರನೆಯ ದಿನ ಹೋಗಿ ತಪ್ಪು ಒಪ್ಪಿಕೊಂಡೆ. "ಕೇಳಿದ್ದರೆ ನಾನೇ ಕೊಡ್ತಿದ್ದೆನಲ್ಲಪ್ಪಾ, ದೇವರಿಗೆ ಬೇಡ ಅಂತೀನಾ?" ಎಂದರು. ಈಗ ಕುಂಡದಲ್ಲಿ ದಾಸವಾಳ ಬೆಳೆಸಿದ್ದೇನೆ. ಕೆಲವು ದಿನ ಒಂದೇ ಹೂ. ಅಷ್ಟೇ ಸಾಕು.

ಆಯ್ದಕ್ಕಿ ಲಕ್ಕಮ್ಮನ ಕಥೆ ನಿನಗೆ ಗೊತ್ತಿರಬೇಕು. 12ನೇ ಶತಮಾನದಲ್ಲಿ ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ ಲಕ್ಕಮ್ಮ, ಮಾರಯ್ಯ. ನೆಲಕ್ಕೆ ಚೆಲ್ಲಿದ ಅಕ್ಕಿ ಆಯ್ದು ತಂದು, ಅದರಲ್ಲೇ ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಇದು ನಮಗೆ ಬೇಕಾದಷ್ಟಲ್ಲ, ಆಸೆ ತಂದದ್ದು, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳು ಲಕ್ಕಮ್ಮ. ಯಾರಿಗೂ ಬೇಡವಾಗಿ ಬಿದ್ದಿದ್ದ ಅಕ್ಕಿ ಅದು, ದಾಸೋಹಕ್ಕೇ ಹೋಗುವಂಥದ್ದು. ಆದರೂ ಗಂಡನ ಮಡಿಲಿನ ಭಾರ ಕಂಡೊಡನೆ ಅವನ ಮನಸ್ಸು ಎತ್ತ ವಾಲಿದೆಯೆಂದು ಅವಳಿಗೆ ತಿಳಿಯಿತು. ಮಾರಯ್ಯನೂ ದೊಡ್ಡವನೇ. ಹೆಂಡತಿ ತಿದ್ದಿದಳೆಂದು ಸಿಟ್ಟಾಗದೆ ಹೋಗಿ ಸುರಿದು ಬಂದ.

ನಮ್ಮ ತಪ್ಪು ನಮ್ಮ ಕಣ್ಣಿಗೆ ಬೇಗ ಬೀಳುವುದಿಲ್ಲ, ಮಗು. ಮನೆಯವರಿಗೆ ಮೊದಲು ಕಾಣುತ್ತದೆ. "ಪೂಜೆ ಮುಗಿಸಿ ಬಂದ್ರೆ ಅಪ್ಪ ಯಾಕೆ ರೇಗ್ತಾರೆ?" ಎಂದು ನಿನ್ನ ಮಗು ಕೇಳಿದರೆ ಅದರ ಬಾಯಿ ಮುಚ್ಚಿಸಬೇಡ. ಕಾಫಿ ತಣ್ಣಗಾಗಿದೆಯೆಂದು ಹೆಂಡತಿಯ ಮೇಲೆ, ತಡವಾಯಿತೆಂದು ಮನೆಗೆಲಸದಾಕೆಯ ಮೇಲೆ ಕೂಗಾಡಿದರೆ, ಅರ್ಧ ಗಂಟೆ ಕೂತು ಗಳಿಸಿದ್ದನ್ನು ಹೊಸಿಲಲ್ಲೇ ಚೆಲ್ಲಿದ ಹಾಗೆ.

ದೇವರಿಗೆ ಪ್ರಿಯವಾದ ಎಂಟು ಹೂಗಳಿವೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು: ಅಹಿಂಸೆ, ಇಂದ್ರಿಯನಿಗ್ರಹ, ದಯೆ, ಕ್ಷಮೆ, ಶಾಂತಿ, ತಪಸ್ಸು, ಧ್ಯಾನ, ಸತ್ಯ. ಧ್ಯಾನದ ಸರದಿ ಏಳನೆಯದು. ಪತಂಜಲಿಯ ಎಂಟು ಅಂಗಗಳಲ್ಲೂ ಅದು ಏಳನೆಯದೇ. ಅಲ್ಲಿ ಮೊದಲು ಬರುವುದು ಯಮ. ಪರರದ್ದಕ್ಕೆ ಕೈಹಾಕಬೇಡ ಎನ್ನುವ ಅಸ್ತೇಯ ಅದರೊಳಗಿದೆ. ನಾವು ಮೊದಲಿನದನ್ನು ಹಾರಿ ಏಳನೆಯದಕ್ಕೆ ಕೂತು, ಮನಸ್ಸು ನಿಲ್ಲುತ್ತಿಲ್ಲ ಎಂದು ಕೊರಗುತ್ತೇವೆ.

ಮಲಗುವ ಮುಂಚೆ ದೀಪದ ಮುಂದೆ ಎರಡು ನಿಮಿಷ ಕೂತು ನಿನ್ನನ್ನೇ ಕೇಳಿಕೋ. ಇವತ್ತು ಕೇಳದೆ ಏನನ್ನು ತೆಗೆದುಕೊಂಡೆ? ಯಾರ ಮನಸ್ಸು ನೋಯಿಸಿದೆ? ಯಾರು ತಿದ್ದಲು ಬಂದಾಗ ಮುಖ ತಿರುಗಿಸಿದೆ? ಉತ್ತರ ಸಿಕ್ಕರೆ ಹಳಹಳಿಸುತ್ತಾ ಕೂರಬೇಡ, ಬೆಳಗಾಗುತ್ತಲೇ ಹೋಗಿ ಸರಿಮಾಡು. ಈ ಪ್ರಶ್ನೆಗಳು ನಿನಗೆ ಮಾತ್ರ. ಅವನ್ನು ಹಿಡಿದು ಪಕ್ಕದವರನ್ನು ಅಳೆಯಲು ಹೊರಟರೆ ಇನ್ನೊಂದು ಅಹಂಕಾರ ಬೆಳೆಯುತ್ತದೆ.

ನಾಳೆ ಬೆಳಿಗ್ಗೆ ಹೂ ಕೀಳುವ ಮುನ್ನ ಬಾಗಿಲು ತಟ್ಟಿ ಒಂದು ಮಾತು ಕೇಳು. ಅವರು ಕೊಡದಿದ್ದರೆ ಬೇಸರ ಬೇಡ. ಒಂದು ಉದ್ಧರಣೆ ನೀರು ಸಾಕು.