ಯುವಜನರ ವ್ಯಸನ: ಸದಸ್ಯರು ಅರಿತಿರಬೇಕಾದ ಎರಡು ಕಲಮುಗಳು

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹೆಂಡದ ಮಾರಯ್ಯನೆಂಬ ಶರಣನು ಕುಡಿಯಲು ಬಂದವರಿಗೇ ಕುಡಿತದ ಕೇಡನ್ನು ತಿಳಿಹೇಳುತ್ತಿದ್ದನೆಂಬ ಪ್ರತೀತಿಯಿದೆ. ವ್ಯಸನಿಯನ್ನು ಹೊರದೂಡದೆ ಮಾತನಾಡಿಸುವ ಆ ಕ್ರಮವು ಹುಡಗಿಯಂತಹ ಗ್ರಾಮಗಳ ಪಂಚಾಯಿತಿಗಳಿಗೆ ಇಂದಿಗೂ ಅನುಸರಣೀಯ.

18 ವರ್ಷ ತುಂಬದವರಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ನೀಡುವುದು 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನನ್ವಯ 7 ವರ್ಷಗಳವರೆಗಿನ ಕಠಿಣ ಸೆರೆವಾಸ ಹಾಗೂ 1 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧ. ಮಾರಿದವನಷ್ಟೇ ಅಲ್ಲ, ಜಾತ್ರೆಯಲ್ಲೋ ಮದುವೆಯಲ್ಲೋ ಸಲುಗೆಯಿಂದ ಕುಡಿಸಿದವನೂ ಇದಕ್ಕೆ ಒಳಪಡುತ್ತಾನೆ.

ಪೊಲೀಸರ ಭಯದಿಂದ ಮಗನ ಗಾಂಜಾ ಚಟವನ್ನು ಮುಚ್ಚಿಡುವ ಕುಟುಂಬಗಳುಂಟು. ಆದರೆ ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿಯು ತಾನಾಗಿ ಸರ್ಕಾರಿ ಆಸ್ಪತ್ರೆ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಒಳಗಾದರೆ, 1985ರ ಮಾದಕ ವಸ್ತುಗಳ ಕಾಯ್ದೆಯ 64ಎ ಕಲಮು ಆತನಿಗೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದಲ್ಲಿ ಆ ರಕ್ಷಣೆಯನ್ನು ಹಿಂಪಡೆಯಬಹುದು. ಈ ಸಂಗತಿಯನ್ನು ಪೋಷಕರಿಗೆ ಮನೆಯಲ್ಲಿಯೇ, ಗೋಪ್ಯವಾಗಿ ತಿಳಿಸುವುದು ಲೇಸು. ಗ್ರಾಮಸಭೆಯಲ್ಲಿ ಯಾವ ಯುವಕನ ಹೆಸರನ್ನೂ ಎತ್ತತಕ್ಕದ್ದಲ್ಲ.

ನಿತ್ಯ ವಿಪರೀತವಾಗಿ ಕುಡಿಯುವವನು ಒಮ್ಮೆಲೇ ನಿಲ್ಲಿಸಿದಲ್ಲಿ ನಡುಕ, ಭ್ರಮೆ, ಸೆಳವು ಉಂಟಾಗಿ ಪ್ರಾಣಾಪಾಯವೂ ಸಂಭವಿಸಬಹುದು. ಕೋಣೆಯಲ್ಲಿ ಕೂಡಿಹಾಕುವುದು, ಆಣೆ ಮಾಡಿಸುವುದು ಚಿಕಿತ್ಸೆಯಲ್ಲ. ವೈದ್ಯರ ನಿಗಾ ಅವಶ್ಯ. ವ್ಯಸನಮುಕ್ತಿಯ ಉಚಿತ ರಾಷ್ಟ್ರೀಯ ಸಹಾಯವಾಣಿ 14446 ಸಂಖ್ಯೆಯನ್ನು ಪಂಚಾಯಿತಿ ಕಚೇರಿ ಹಾಗೂ ಶಾಲೆಯ ಗೋಡೆಗಳ ಮೇಲೆ ಬರೆಯಿಸುವುದು.