ಸಂಘದ ರಚನೆಯೂ ಅದರ ವ್ಯವಹಾರವೂ

ಗ್ರಾಮದ ಮುಖಂಡರೂ ಹಿಡುವಳಿದಾರರೂ ಕೂಡಿ ಒಂದು ಸಂಘವನ್ನು ಸ್ಥಾಪಿಸಬೇಕೆಂದು ಆಲೋಚಿಸುವಾಗ, ಅಧ್ಯಕ್ಷರು ಯಾರಾಗಬೇಕು, ಕಾರ್ಯದರ್ಶಿಯ ಕೆಲಸವು ಯಾರ ಮನೆಯ ಹುಡುಗನಿಗೆ ದೊರೆಯಬೇಕು ಎಂಬ ಮಾತಿನಲ್ಲಿಯೇ ಸಭೆಯ ಬಹುಭಾಗವು ಕಳೆದುಹೋಗುವುದು ವಾಡಿಕೆ. ನಷ್ಟವಾದರೆ ಹೊಣೆ ಯಾರದು, ಮತವು ಆಳಿಗೊಂದೋ ಷೇರಿಗೊಂದೋ, ಅಳತೆ ಮಾಡುವವನನ್ನು ನೇಮಿಸುವವರು ಯಾರು, ವರ್ಷಾಂತ್ಯದಲ್ಲಿ ಉಳಿದ ಹಣವು ಯಾರಿಗೆ ಸೇರತಕ್ಕದ್ದು ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ. ಆದರೆ ಸಂಘದ ವ್ಯವಹಾರವು ಯಾವ ದಾರಿಯನ್ನು ಹಿಡಿಯುವುದೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುವು ಈ ಪ್ರಶ್ನೆಗಳೇ.

ಸಾಲದ ಸಂಘಗಳ ಚರಿತ್ರೆಯನ್ನು ಮೊದಲು ಸಂಕ್ಷೇಪವಾಗಿ ನೋಡುವುದು ಒಳ್ಳೆಯದು. ಜರ್ಮನಿ ದೇಶದಲ್ಲಿ ರೈಫೈಸನ್ ಎಂಬ ಮಹನೀಯರು ಹತ್ತೊಂಬತ್ತನೆಯ ಶತಮಾನದಲ್ಲಿ ಏರ್ಪಡಿಸಿದ ಗ್ರಾಮಸಂಘಗಳಲ್ಲಿ ಸಂಘದ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನ ಸಮಸ್ತ ಆಸ್ತಿಯೂ ಹೊಣೆಯಾಗಿದ್ದಿತು. 1904ರಲ್ಲಿ ಹಿಂದೂಸ್ಥಾನದಲ್ಲಿ ಜಾರಿಗೆ ಬಂದ ಸಹಕಾರ ಕಾನೂನು ಗ್ರಾಮಾಂತರದ ಸಂಘಗಳಿಗೆ ಇದೇ ಮಾದರಿಯನ್ನು ಅನುಸರಿಸಿತು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸ್ಥಾಪಿಸಿದ ಸಂಘವು ಆ ಕಾಲದ್ದು. ಇಂತಹ ಹೊಣೆಯುಳ್ಳ ಸಂಘದಲ್ಲಿ, ಎತ್ತಿಗೆಂದು ಸಾಲ ಪಡೆದವನು ಎತ್ತನ್ನೇ ತಂದನೋ ಮದುವೆಗೆ ವೆಚ್ಚ ಮಾಡಿದನೋ ಎಂಬುದನ್ನು ನೆರೆಹೊರೆಯವರೆಲ್ಲರೂ ಗಮನಿಸುತ್ತಾರೆ. ಅವನು ತಪ್ಪಿದರೆ ತಮ್ಮ ಹೊಲಕ್ಕೇ ಸಂಚಕಾರವಷ್ಟೆ. ಆದರೆ ಇದೇ ಕಾರಣದಿಂದ ಅನುಕೂಲಸ್ಥರು ಇಂತಹ ಸಂಘಗಳಿಗೆ ಸೇರಲು ಹಿಂಜರಿಯುವುದು ಸಹಜ. ಊರಿನ ಎಲ್ಲೆಯನ್ನು ದಾಟಿ ಅವು ಬೆಳೆಯುವುದೂ ಕಷ್ಟ. 1951–52ರ ಗ್ರಾಮೀಣ ಸಾಲದ ಸಮೀಕ್ಷೆಯ ವೇಳೆಗೆ ರೈತರು ಪಡೆದ ಸಾಲದಲ್ಲಿ ನೂರಕ್ಕೆ ಸುಮಾರು ಮೂರು ರೂಪಾಯಿ ಮಾತ್ರ ಸಹಕಾರ ಸಂಘಗಳಿಂದ ಬಂದಿದ್ದಿತು. ಅನಂತರ ಹೊಣೆಯನ್ನು ಷೇರಿನ ಮೊತ್ತಕ್ಕೆ ಮಿತಗೊಳಿಸಿ, ದೊಡ್ಡ ಸಂಘಗಳನ್ನು ಕಟ್ಟಬೇಕೆಂದು ಸಲಹೆಯಾಯಿತು. ಇದರಿಂದ ಬಂಡವಾಳಕ್ಕೆ ದಾರಿಯಾಯಿತು. ನೆರೆಯವನ ಕಣ್ಗಾವಲು ಸಡಿಲವಾಯಿತು. ಎರಡನ್ನೂ ಒಟ್ಟಿಗೆ ಪಡೆಯುವ ರಚನೆಯನ್ನು ಈ ಲೇಖಕನು ಇದುವರೆಗೆ ಕಂಡಿಲ್ಲ.

ಇನ್ನು ಹಾಲಿನ ವಿಷಯ. ಗುಜರಾತಿನ ಖೇಡಾ ಜಿಲ್ಲೆಯಿಂದ ಬೊಂಬಾಯಿ ನಗರಕ್ಕೆ ಹಾಲನ್ನು ಸಾಗಿಸುವ ಏರ್ಪಾಡು 1945ರಲ್ಲಿ ಆದಾಗ, ಕೊಳ್ಳುವ ಅಧಿಕಾರವು ಪಾಲ್ಸನ್ ಎಂಬ ಖಾಸಗಿ ಸಂಸ್ಥೆಗೆ ದೊರೆಯಿತು. ಹಾಲನ್ನು ಕೂಡಿಸುತ್ತಿದ್ದವರು ಗುತ್ತಿಗೆದಾರರು. ನಗರದಲ್ಲಿ ಬೆಲೆಯು ಚೆನ್ನಾಗಿದ್ದರೂ ಎಮ್ಮೆ ಕಟ್ಟಿದವನಿಗೆ ಅದರ ಫಲವು ಮುಟ್ಟಲಿಲ್ಲ. 1946ರ ಜನವರಿಯಲ್ಲಿ ರೈತರು ಸಭೆ ಸೇರಿ, ತಮ್ಮ ಸಂಘದ ಮೂಲಕವಲ್ಲದೆ ಹಾಲನ್ನು ಮಾರುವುದಿಲ್ಲವೆಂದು ನಿಶ್ಚಯಿಸಿ ಸರಬರಾಯಿಯನ್ನೇ ನಿಲ್ಲಿಸಿದರು. ಅದೇ ವರ್ಷ ಡಿಸೆಂಬರ್ 14ರಂದು ಜಿಲ್ಲಾ ಹಾಲು ಉತ್ಪಾದಕರ ಒಕ್ಕೂಟವು ನೋಂದಣಿಯಾಯಿತು. ತ್ರಿಭುವನದಾಸ ಪಟೇಲರು ಅದರ ಮುಖಂಡರು. 1949ರಲ್ಲಿ ಬಂದು ಸೇರಿದ ವರ್ಗೀಸ್ ಕುರಿಯನ್ನರು ಅದರ ನಿರ್ವಾಹಕರಾಗಿ ಪ್ರಸಿದ್ಧರಾದರು. ಆರಂಭದಲ್ಲಿ ಇದ್ದುದು ಎರಡು ಗ್ರಾಮಸಂಘಗಳು, ದಿನಕ್ಕೆ ಸುಮಾರು 250 ಲೀಟರ್ ಹಾಲು.

ಇಲ್ಲಿ ಒಂದು ಸಂಗತಿಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಚಳಿಗಾಲದಲ್ಲಿ ಎಮ್ಮೆಗಳು ಹೆಚ್ಚಾಗಿ ಕರೆಯುತ್ತವೆ. ನಗರವು ಕುಡಿಯುವ ಹಾಲು ಮಾತ್ರ ಅಷ್ಟೇ. ಖಾಸಗಿ ವರ್ತಕನಾದರೆ ಹೆಚ್ಚಿನ ಹಾಲನ್ನು ಬೇಡವೆನ್ನಬಹುದು, ಇಲ್ಲವೇ ದರವನ್ನು ಇಳಿಸಬಹುದು. ಹಾಲಿನ ಬೆಲೆಯು ಅವನಿಗೆ ಖರ್ಚು. ಒಕ್ಕೂಟಕ್ಕಾದರೋ ಹಾಲು ಹಾಕುವವರೇ ಯಜಮಾನರು. ಯಜಮಾನನ ಹಾಲನ್ನು ಬಾಗಿಲಿನಿಂದ ಹಿಂದಕ್ಕೆ ಕಳುಹಿಸುವುದು ಹೇಗೆ? ಆದ್ದರಿಂದ ಹೆಚ್ಚಿನ ಹಾಲನ್ನು ಪುಡಿ ಮಾಡಿ ಕಾಪಿಡುವ ಕಾರ್ಖಾನೆಯನ್ನು ಕಟ್ಟದೆ ಗತ್ಯಂತರವಿರಲಿಲ್ಲ. 1955ರಲ್ಲಿ ಆ ಕಾರ್ಖಾನೆಯು ಆನಂದದಲ್ಲಿ ಆರಂಭವಾಯಿತು. ಎಮ್ಮೆಯ ಹಾಲನ್ನು ಪುಡಿ ಮಾಡಲಾಗದೆಂದು ತಜ್ಞರು ಹೇಳುತ್ತಿದ್ದ ಕಾಲವದು. ಇಂತಹ ಸಾಹಸಕ್ಕೆ ಕೈಹಾಕಿಸಿದ್ದು ಯಂತ್ರದ ಮೇಲಣ ಮೋಹವಲ್ಲ, ಸಂಘದ ರಚನೆ.

ಈ ಮಾದರಿಯು ಮೂರು ಅಂತಸ್ತಿನದು. ಕರ್ನಾಟಕದಲ್ಲಿ 1974ರ ಸುಮಾರಿಗೆ ಹೈನು ಅಭಿವೃದ್ಧಿಯ ನಿಗಮದ ಮೂಲಕ ಇದು ಆರಂಭವಾಗಿ, 1984ರಲ್ಲಿ ಹಾಲು ಮಹಾಮಂಡಳವಾಯಿತು. ನಂದಿನಿ ಎಂಬ ಗುರುತನ್ನು ಎಲ್ಲರೂ ಬಲ್ಲರು. ಅಂತಸ್ತುಗಳು ಮೂರಾಗಲು ಕಾರಣವು ಹಾಲಿನ ಗುಣದಲ್ಲಿಯೇ ಇದೆ. ಕರೆದ ಹಾಲು ನಮ್ಮ ಸೆಕೆಯಲ್ಲಿ ಕೆಲವೇ ಗಂಟೆಗಳಲ್ಲಿ ಹುಳಿಯುವುದರಿಂದ, ತೆಗೆದುಕೊಳ್ಳುವ ಸ್ಥಳವು ಕಾಲ್ನಡಿಗೆಯ ದೂರದಲ್ಲಿಯೇ ಇರಬೇಕು. ಇದು ಗ್ರಾಮಸಂಘದ ಕೆಲಸ. ಕಾಯಿಸಿ ತಂಪು ಮಾಡುವ ಯಂತ್ರಸ್ಥಾವರಕ್ಕೆ ದಿನವೂ ಸಾವಿರಾರು ಲೀಟರ್ ಬೇಕಾಗುವುದರಿಂದ ಅದು ಒಕ್ಕೂಟದ ಕೆಲಸ. ಪಶುವೈದ್ಯ, ಕೃತಕ ಗರ್ಭಧಾರಣೆ, ಪಶು ಆಹಾರಗಳೂ ಇಲ್ಲಿಂದಲೇ ಹಳ್ಳಿಗೆ ಬರುತ್ತವೆ. ದೂರದ ನಗರಗಳಲ್ಲಿ ಒಂದೇ ಹೆಸರಿನಿಂದ ಮಾರುವುದು ಮಹಾಮಂಡಳದ್ದು. ರಾಗಿಗೆ ಇಷ್ಟು ಅವಸರವಿಲ್ಲ. ಹಗೇವಿನಲ್ಲಿ ವರ್ಷಗಟ್ಟಲೆ ನಿಲ್ಲುವ ಧಾನ್ಯಕ್ಕೆ ಬೆಳಿಗ್ಗೆ ಸಂಜೆ ಬಾಗಿಲು ತೆರೆಯುವ ಸಂಘವೇಕೆ? ಅಡಿಕೆಯೂ ಹಾಗೆಯೇ ಕಾಯಬಲ್ಲ ಸರಕು. 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಕ್ಯಾಂಪ್ಕೊ ಸಂಸ್ಥೆಯಲ್ಲಿ ಬೆಳೆಗಾರರು ನೇರವಾಗಿ ಸದಸ್ಯರಾಗಿ, ಶಾಖೆಗಳಲ್ಲಿ ದರ್ಜೆಗೆ ತಕ್ಕ ಬೆಲೆಗೆ ಅಡಿಕೆಯನ್ನು ಕೊಡುತ್ತಾರೆ. ಆದ್ದರಿಂದ ಪಕ್ಕದ ಊರಿನ ಸಂಘದ ನಿಬಂಧನೆಗಳನ್ನು ಹಾಗೆಯೇ ನಕಲು ಮಾಡಿಕೊಳ್ಳುವುದಕ್ಕೆ ಮೊದಲು, ಆ ಊರಿನ ಸರಕೂ ತಮ್ಮ ಸರಕೂ ಒಂದೇ ಬಗೆಯದೋ ಎಂದು ವಿಚಾರಿಸಬೇಕು.

ಹಾಲಿನ ಸಂಘದಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಜಿಡ್ಡಿನ ಅಂಶದ ವಿಷಯದಲ್ಲಿ. ದರವು ಅಳತೆಯ ಮೇಲೆ ಮಾತ್ರವಲ್ಲದೆ ಜಿಡ್ಡಿನ ಮತ್ತು ಜಿಡ್ಡಲ್ಲದ ಘನಪದಾರ್ಥದ ಮೇಲೂ ನಿಲ್ಲುವುದರಿಂದ, ಪರೀಕ್ಷೆ ಮಾಡುವವನ ಕೈಯಲ್ಲಿ ಊರಿನ ಆದಾಯವಿರುತ್ತದೆ. ಒಂದು ಗ್ರಾಮದಲ್ಲಿ ಅಳೆಯುವವನೂ, ಪರೀಕ್ಷಿಸುವವನೂ, ಲೆಕ್ಕ ಬರೆಯುವವನೂ, ಹಣ ಬಟವಾಡೆ ಮಾಡುವವನೂ ಒಬ್ಬನೇ ಆಗಿದ್ದನು. ಅವನ ಸೋದರಮಾವನೇ ಅಧ್ಯಕ್ಷ. ಮೋಸವು ನಡೆದಿತ್ತೋ ಇಲ್ಲವೋ ಎಂದು ನಿರ್ಣಯಿಸುವ ಬಗೆಯೇ ಅಲ್ಲಿರಲಿಲ್ಲ. ಹಾಲು ಹಾಕುವವರು ಒಬ್ಬೊಬ್ಬರಾಗಿ ಊರಿಗೆ ಬರುವ ಖಾಸಗಿ ವರ್ತಕನ ಕಡೆಗೆ ತಿರುಗಿದರು. ಪ್ರಾಮಾಣಿಕನಾಗಿದ್ದರೂ ಅಂಥವನು ತನ್ನ ಪ್ರಾಮಾಣಿಕತೆಯನ್ನು ತೋರಿಸಿಕೊಡಲಾರನು.

ಅಳತೆಯನ್ನೂ ಲೆಕ್ಕವನ್ನೂ ಬೇರೆ ಬೇರೆ ಕೈಗಳಲ್ಲಿಡಬೇಕು. ಮಾದರಿಯನ್ನು ಸದಸ್ಯನ ಎದುರಿನಲ್ಲಿಯೇ ತೆಗೆದು, ಅಂಕಿಯನ್ನು ಆಗಲೇ ಅವನಿಗೆ ಕೊಡಬೇಕು. ಅನೇಕ ಕಡೆ ಈಗ ಯಂತ್ರವೇ ಚೀಟಿಯನ್ನು ಮುದ್ರಿಸುತ್ತದೆಯಾದರೂ ಯಂತ್ರವನ್ನು ಸರಿಹೊಂದಿಸುವ ಕೈ ಯಾರದೆಂಬ ಪ್ರಶ್ನೆಯು ಉಳಿದೇ ಇರುತ್ತದೆ. ಮೂರು ಅಂತಸ್ತಿನ ರಚನೆಯ ಇನ್ನೊಂದು ಪ್ರಯೋಜನವೂ ಇಲ್ಲಿದೆ: ಗ್ರಾಮಸಂಘದಿಂದ ಹೋದ ಹಾಲನ್ನು ಒಕ್ಕೂಟವು ಮತ್ತೆ ಪರೀಕ್ಷಿಸುತ್ತದೆ. ಊರಿನಲ್ಲಿ ಸದಸ್ಯರಿಗೆ ಬರೆದುಕೊಟ್ಟ ಜಿಡ್ಡಿನ ಸರಾಸರಿಯು ಒಕ್ಕೂಟದ ಅಂಕಿಗಿಂತ ತಿಂಗಳುಗಟ್ಟಲೆ ಕಡಿಮೆಯಾಗಿದ್ದರೆ ಸದಸ್ಯನಿಗೆ ಕಡಿಮೆ ಹಣ ಸಂದಿದೆ. ಹೆಚ್ಚಾಗಿದ್ದರೆ ಸಂಘವು ನಷ್ಟಪಡುತ್ತಿದೆ. ಈ ಎರಡು ಅಂಕಿಗಳನ್ನು ಪ್ರತಿ ತಿಂಗಳೂ ಸಂಘದ ಗೋಡೆಗೆ ಅಂಟಿಸುವಂತೆ ಸರ್ವಸದಸ್ಯರ ಸಭೆಯು ನಿರ್ಣಯ ಮಾಡಿದರೆ ಖರ್ಚು ಒಂದು ಹಾಳೆ ಕಾಗದ ಮಾತ್ರ.

ಮತದ ವಿಷಯದಲ್ಲಿ ಒಂದು ಮಾತು. ಸಹಕಾರ ಸಂಘದಲ್ಲಿ ಇಪ್ಪತ್ತು ಹಸು ಕಟ್ಟಿದವನಿಗೂ ಒಂದು ಹಸುವಿನ ವಿಧವೆಗೂ ಮತವು ಒಂದೇ. ಸಾಮಾನ್ಯ ಕಂಪೆನಿಯಲ್ಲಿ ಮತವು ಷೇರನ್ನು ಹಿಂಬಾಲಿಸುತ್ತದೆ. 2002ರಲ್ಲಿ ಕಂಪೆನಿಗಳ ಕಾನೂನಿಗೆ ಸೇರಿಸಲ್ಪಟ್ಟ ಉತ್ಪಾದಕರ ಕಂಪೆನಿ ಎಂಬುದು ಇವೆರಡರ ನಡುವಣದು; ವ್ಯಕ್ತಿಗಳು ಸದಸ್ಯರಾಗಿರುವಲ್ಲಿ ಅದರಲ್ಲಿಯೂ ಆಳಿಗೊಂದೇ ಮತ. ದೊಡ್ಡ ಹಿಡುವಳಿದಾರರಿಗೆ ಇದು ಅನ್ಯಾಯವಾಗಿ ತೋರುವುದುಂಟು. ಆದರೆ ಅವರಿಗೆ ಬರುವ ಲಾಭವು ಮತದಿಂದಲ್ಲ, ಹಾಕಿದ ಹಾಲಿನಿಂದ. ಉಳಿದ ಹಣದ ಬೋನಸ್ಸನ್ನು ಹಾಲಿನ ಪ್ರಮಾಣಕ್ಕೆ ತಕ್ಕಂತೆ ಹಂಚುವಲ್ಲಿ ಹೆಚ್ಚು ಹಾಲಿನವನಿಗೆ ಹೆಚ್ಚೇ ಸೇರುವುದು. ಹಸುವನ್ನೇ ಮಾರಿಬಿಟ್ಟು ಷೇರನ್ನು ಮಾತ್ರ ಉಳಿಸಿಕೊಂಡವರು ಆಡಳಿತ ಮಂಡಲಿಯಲ್ಲಿ ಕುಳಿತಾಗ ಸಂಘಕ್ಕೆ ಕೇಡು ಸಮೀಪಿಸುತ್ತದೆ. ಅವರಿಗೆ ಹಾಲಿನ ದರದ ಚಿಂತೆಯಿಲ್ಲ. ಆದುದರಿಂದ ವರ್ಷದಲ್ಲಿ ಇಂತಿಷ್ಟು ದಿನ ಹಾಲು ಹಾಕಿದವನಿಗೆ ಮಾತ್ರ ಮತವೆಂಬ ನಿಬಂಧನೆಯು ತಮ್ಮ ಸಂಘದ ಪುಸ್ತಕದಲ್ಲಿ ಇದೆಯೇ, ಇದ್ದರೆ ಚುನಾವಣೆಯ ಪಟ್ಟಿಯನ್ನು ಅದಕ್ಕನುಸಾರವಾಗಿಯೇ ಬರೆಯಲಾಗಿದೆಯೇ ಎಂಬುದನ್ನು ಮುಖಂಡರು ಮುಂದಿನ ಸಭೆಗೆ ಮೊದಲೇ ತರಿಸಿ ಓದತಕ್ಕದ್ದು.